ಚೆನ್ನೈ ಪ್ರದೇಶದ ಕರಾವಳಿ ಅಂತರ್ಜಲ

ತಮಿಳುನಾಡಿನ ರಾಜಧಾನಿಯ ಸುತ್ತಮುತ್ತ, ಬಂಗಾಳ ಕೊಲ್ಲಿಯ ಅಂಚಿನ ಮರಳು ಮತ್ತು ಮೆಕ್ಕಲು ಪದರಗಳಲ್ಲಿ ತುಂಬಿಕೊಂಡಿರುವ ಸಿಹಿನೀರು. ಉತ್ತರದಲ್ಲಿ ಆರಣಿಯಾರ್ ಮತ್ತು ಕೊಸಸ್ತಲೈಯಾರ್ ನದಿಗಳ ಬಯಲು, ದಕ್ಷಿಣದಲ್ಲಿ ತಿರುವಾನ್ಮಿಯೂರಿನಿಂದ ಕೋವಳಂ ಕಡೆಗೆ ಸಾಗುವ ಕಿರಿದಾದ ಮರಳುಪಟ್ಟಿ, ಇವೆರಡು ಇದರ ಮುಖ್ಯ ನೆಲೆಗಳು. ಈ ನಗರಕ್ಕೆ ವ್ಯವಸ್ಥಿತವಾಗಿ ನೀರು ಒದಗಿಸುವ ಕೆಲಸ ಶುರುವಾದದ್ದೇ ಬಾವಿಗಳಿಂದ. ಇಂದಿಗೂ ನಲ್ಲಿ ನಿಂತ ದಿನ ಜನ ಮೊರೆಹೋಗುವುದು ತಮ್ಮ ಬಾವಿಗೆ, ಇಲ್ಲವೇ ಬೇರೆ ಯಾರದೋ ಬಾವಿಯಿಂದ ತುಂಬಿಕೊಂಡು ಬರುವ ಟ್ಯಾಂಕರಿಗೆ. ಉತ್ತರದ ಮಿಂಜೂರಿನ ಸುತ್ತ ಸಮುದ್ರದ ನೀರು ಹಲವು ಕಿಲೋಮೀಟರ್ ಒಳಗೆ ನುಗ್ಗಿರುವುದರಿಂದ, ಭಾರತದ ಕರಾವಳಿ ಅಂತರ್ಜಲದ ಮಾತು ಬಂದಾಗಲೆಲ್ಲ ಈ ಪ್ರದೇಶದ ಹೆಸರು ಬರುತ್ತದೆ.

ನೆಲ ಮತ್ತು ಮಳೆ

ಚೆನ್ನೈಗೆ ವರ್ಷಕ್ಕೆ ಸರಾಸರಿ ಸುಮಾರು 1,400 ಮಿ.ಮೀ. ಮಳೆ ಬೀಳುತ್ತದೆ. ಇದು ಬೆಂಗಳೂರಿನ ಮಳೆಗಿಂತ ಹೆಚ್ಚು. ಆದರೆ ಅದರ ಅರ್ಧಕ್ಕೂ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲೇ, ಅದೂ ವಾಯುಭಾರ ಕುಸಿತದ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಕೂವಂ, ಅಡ್ಯಾರ್, ಕೊಸಸ್ತಲೈಯಾರ್, ಆರಣಿಯಾರ್ ಯಾವುದೂ ವರ್ಷವಿಡೀ ಹರಿಯುವ ನದಿಯಲ್ಲ. ಹಿಂಗಾರು ಕೈಕೊಟ್ಟರೆ ಮುಂದಿನ ದೊಡ್ಡ ಮಳೆಗೆ ಒಂದು ವರ್ಷ ಕಾಯಬೇಕು. ಹೀಗಾಗಿ ಬಿದ್ದ ನೀರನ್ನು ಹಿಡಿದಿಡಲು ಇಲ್ಲಿನವರಿಗೆ ಎರಡೇ ದಾರಿ ಇದ್ದವು: ನೆಲದ ಮೇಲೆ ಕೆರೆ, ನೆಲದ ಕೆಳಗೆ ಮರಳು.

ನಗರದ ದಕ್ಷಿಣಕ್ಕೆ ಗಿಂಡಿ, ವೇಳಚೇರಿ, ಪೆರುಂಗುಡಿಗಳಲ್ಲಿ ಚಾರ್ನೊಕೈಟ್ ಎಂಬ ಗಟ್ಟಿ ಕಲ್ಲು ಮೇಲೆಯೇ ಸಿಗುತ್ತದೆ. ಅದರ ಬಿರುಕುಗಳಲ್ಲಿ ನಿಲ್ಲುವ ನೀರು ಅಷ್ಟಕ್ಕಷ್ಟೆ. ಪಶ್ಚಿಮದ ಕೆಲವು ಭಾಗಗಳಲ್ಲಿ ಗೊಂಡವಾನ ಕಾಲದ ಜೇಡಿಗಲ್ಲು ಇದೆ, ಅಲ್ಲಿಯೂ ಬಾವಿ ತೋಡಿದವರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ನಿಜವಾದ ಸಂಪತ್ತು ಉತ್ತರದ ಬಯಲಿನಲ್ಲಿತ್ತು. ನದಿಗಳು ಸಾವಿರಾರು ವರ್ಷ ಪಾತ್ರ ಬದಲಿಸುತ್ತ ಬಿಟ್ಟು ಹೋದ ಮರಳು, ಗರಸು, ಜೇಡಿಯ ಪದರಗಳು ಅಲ್ಲಿ ಒಂದರ ಮೇಲೊಂದು ಕೂತಿವೆ. ಮೇಲಿನ ಪದರದಲ್ಲಿ ರೈತರ ತೆರೆದ ಬಾವಿಗಳು, ಜೇಡಿಯ ಕೆಳಗಿನ ಪದರದಲ್ಲಿ ಆಳದ ಕೊಳವೆ ಬಾವಿಗಳು. ದಕ್ಷಿಣದ ಮರಳುಪಟ್ಟಿ ಇದಕ್ಕಿಂತ ತೀರ ಚಿಕ್ಕದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಕಿಂಗ್‌ಹ್ಯಾಂ ಕಾಲುವೆಯ ಉಪ್ಪು ಮಿಶ್ರಿತ ನೀರು. ನಡುವಿನ ದಿಬ್ಬಗಳಿಗೆ ಮಳೆ ಬಿಟ್ಟರೆ ಬೇರೆ ಆಧಾರವಿಲ್ಲ.

ಸಮುದ್ರದ ಎದುರಿನ ನೀರು

ಒಳನಾಡಿನ ಬಾವಿ ಬತ್ತಿದರೆ ನೀರಿರುವುದಿಲ್ಲ, ಅಷ್ಟೆ. ಒಳ್ಳೆಯ ಮಳೆ ಬಂದರೆ ಮತ್ತೆ ತುಂಬುತ್ತದೆ. ಕರಾವಳಿಯಲ್ಲಿ ಹಾಗಲ್ಲ. ಅಲ್ಲಿ ಸಿಹಿನೀರು ಹಿಂದೆ ಸರಿದ ಜಾಗಕ್ಕೆ ಉಪ್ಪುನೀರು ಬಂದು ಕೂರುತ್ತದೆ.

ಸಮುದ್ರದ ನೀರು ಸಿಹಿನೀರಿಗಿಂತ ಶೇ. 2.5ರಷ್ಟು ಹೆಚ್ಚು ತೂಕದ್ದು. ಆದ್ದರಿಂದ ದಡದ ನೆಲದಡಿಯಲ್ಲಿ ಉಪ್ಪುನೀರು ಕೆಳಗೆ, ಸಿಹಿನೀರು ಅದರ ಮೇಲೆ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಎತ್ತರಕ್ಕೆ ಸಿಹಿನೀರು ಇದ್ದರೆ ಸಮುದ್ರಮಟ್ಟದಿಂದ ಕೆಳಕ್ಕೆ ಸುಮಾರು 40 ಮೀಟರ್ ಆಳದವರೆಗೂ ಸಿಹಿನೀರು ಇರಬಲ್ಲದು. ನೆದರ್ಲೆಂಡ್ಸಿನ ಬಾಡನ್ ಗೈಬೆನ್ ಮತ್ತು ಜರ್ಮನಿಯ ಹೆರ್ಜ್‌ಬರ್ಗ್ 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಆರಂಭದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕವಿದು. ಜೇಡಿ ಪದರಗಳಿರುವಲ್ಲಿ ಈ ಲೆಕ್ಕ ಚಾಚೂ ತಪ್ಪದೆ ಹೊಂದುವುದಿಲ್ಲ, ಆದರೂ ಅದರ ತಿರುಳು ಎಲ್ಲ ಕಡೆಗೂ ಸಲ್ಲುತ್ತದೆ: ಮೇಲಿನ ಮಟ್ಟ ಒಂದು ಅಡಿ ಕುಸಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ ನಲವತ್ತು ಅಡಿ ಮೇಲೇರಲು ಹವಣಿಸುತ್ತದೆ. ಮಟ್ಟ ಸಮುದ್ರಕ್ಕಿಂತ ಕೆಳಗೆ ಹೋದರೆ ಹರಿವಿನ ದಿಕ್ಕೇ ತಿರುಗಿ, ಸಮುದ್ರ ಒಳನಾಡಿನ ಕಡೆ ನಡೆಯತೊಡಗುತ್ತದೆ.

ಎಷ್ಟು ಉಪ್ಪು ಬೆರೆತರೆ ನೀರು ಕೆಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಕುಡಿಯುವ ನೀರಿನಲ್ಲಿ 250 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅಂದರೆ ನೂರು ಕೊಡ ನೀರಿನಲ್ಲಿ ಐದೂವರೆ ಕೊಡ ಸಮುದ್ರದ್ದಾದರೆ ಆ ನೂರೂ ಕೊಡ ಕುಡಿಯಲು ನಾಲಾಯಕ್ಕು. ಪರೀಕ್ಷೆ ಬಹಳ ಸರಳ. ಬಾವಿಯ ನೀರನ್ನು ಗಾಜಿನ ಪಾತ್ರೆಗೆ ಅಳೆದು ಹಾಕಿ, ನಾಲ್ಕು ಹನಿ ಪೊಟ್ಯಾಸಿಯಂ ಕ್ರೋಮೇಟ್ ಬಿಟ್ಟರೆ ನೀರು ನಿಂಬೆ ಹಳದಿಯಾಗುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಪಾತ್ರೆಯನ್ನು ಅಲುಗಿಸಬೇಕು. ಕ್ಲೋರೈಡ್ ಇರುವ ತನಕ ಬಿಳಿ ಮೊಸರಿನಂಥ ಗಸಿ ಕೂಡುತ್ತ ಹೋಗಿ, ಅದು ಮುಗಿದ ಕ್ಷಣ ಹಳದಿ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಸಿಹಿನೀರಿನ ಬಾವಿಗೆ ಸ್ವಲ್ಪ ದ್ರಾವಣ ಸಾಕು. ಉಪ್ಪೇರಿದ ಬಾವಿಗೆ ಬಹಳಷ್ಟು ಬಿಟ್ಟ ಮೇಲೆಯೇ ಬಣ್ಣ ತಿರುಗುವುದು. ಹೈಸ್ಕೂಲಿನ ಪ್ರಯೋಗಾಲಯದಲ್ಲೂ ಮಾಡಬಹುದಾದ ಇಷ್ಟು ಕೆಲಸವನ್ನು ಎಲ್ಲ ಕರಾವಳಿ ಊರುಗಳಲ್ಲಿ ಕಾಲಕಾಲಕ್ಕೆ ಮಾಡುತ್ತ ಬಂದಿದ್ದರೆ ಎಷ್ಟೋ ಬಾವಿಗಳು ಉಳಿಯುತ್ತಿದ್ದವು.

ಏಳು ಬಾವಿಯಿಂದ ಮಿಂಜೂರಿಗೆ

ಸೇಂಟ್ ಜಾರ್ಜ್ ಕೋಟೆಯ ನಿವಾಸಿಗಳಿಗಾಗಿ 1772ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೋಟೆಯ ಉತ್ತರಕ್ಕೆ ತೋಡಿಸಿದ ಬಾವಿಗಳ ಗುಂಪಿಗೆ ‘ಏಳು ಬಾವಿ’ ಎಂದು ಹೆಸರು. ತೋಡಿದ್ದು ಹತ್ತು. ದಿನಕ್ಕೆ ಸುಮಾರು 6.35 ಲಕ್ಷ ಲೀಟರ್ ನೀರು ಅಲ್ಲಿಂದ ಕೋಟೆಗೆ ಹೋಗುತ್ತಿತ್ತು. ಹೈದರಾಲಿ ಮದರಾಸಿನ ಬಾಗಿಲಿಗೆ ಬಂದು ಒಪ್ಪಂದ ಬರೆಸಿಕೊಂಡ ಮೂರು ವರ್ಷದ ನಂತರದ ಮಾತು ಇದು. ಸಮುದ್ರದಿಂದ ಕೂಗಳತೆಯ ದೂರದಲ್ಲಿ ಒಂದು ಕೋಟೆ ಬಾವಿ ನೀರನ್ನೇ ನಂಬಿ ಬದುಕಿತು. ಏಕೆಂದರೆ ಎತ್ತುವುದು ಕಡಿಮೆ, ಇಂಗುವುದು ಹೆಚ್ಚು ಇತ್ತು.

ನಗರ ಬೆಳೆದ ಮೇಲೆ ಬಾವಿಗಳು ಸಾಲದಾದವು. 1872ರಲ್ಲಿ ರೆಡ್ ಹಿಲ್ಸ್ ಎಂದೂ ಕರೆಯುವ ಪುಳಲ್ ಕೆರೆಯ ನೀರು ಬಂತು, 1944ರಲ್ಲಿ ಕೊಸಸ್ತಲೈಯಾರ್‌ಗೆ ಅಡ್ಡಲಾಗಿ ಪೂಂಡಿ ಜಲಾಶಯವಾಯಿತು. ಪೂಂಡಿ ನಗರಕ್ಕೆ ವರದಾನ ನಿಜ, ಆದರೆ ಅದರ ಕೆಳಗಿನ ನದಿಪಾತ್ರದಲ್ಲಿ ಮಳೆಗಾಲದ ಹರಿವು ತಗ್ಗಿತು. ಮರಳಿನಲ್ಲಿ ಇಳಿದು ಉತ್ತರದ ಬಯಲಿಗೆ ಇಂಗುತ್ತಿದ್ದ ನೀರಿಗೆ ಅಲ್ಲಿಂದಲೇ ಕೊರತೆ ಬಿತ್ತು.

1960ರ ದಶಕದಲ್ಲಿ ಮಣಲಿಯಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ, ಅದರ ಬೆನ್ನಿಗೇ ಗೊಬ್ಬರದ ಕಾರ್ಖಾನೆ ತಲೆಯೆತ್ತಿದವು. ಅವುಗಳಿಗೆ ನಂಬಿಕೆಯ ನೀರು ಬೇಕಿತ್ತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1966ರಿಂದ 1969ರವರೆಗೆ ನಡೆದ ಸಮೀಕ್ಷೆ ಮಿಂಜೂರು, ಪಂಜೆಟ್ಟಿ, ತಾಮರೈಪಾಕ್ಕಂಗಳಲ್ಲಿ ಮೂರು ಬಾವಿ ಕ್ಷೇತ್ರಗಳನ್ನು ಗುರುತಿಸಿ, ಮೂರೂ ಸೇರಿ ದಿನಕ್ಕೆ ಸುಮಾರು 12.5 ಕೋಟಿ ಲೀಟರ್ ತೆಗೆಯಬಹುದೆಂದು ಅಂದಾಜು ಮಾಡಿತು. ಕೊಳವೆ ಬಾವಿಗಳ ಸಾಲು ಎದ್ದಿತು. 1980ರ ದಶಕದಲ್ಲಿ ಪೂಂಡಿ, ಕನ್ನಿಗೈಪೇರ್ ಮತ್ತು ನದಿಯ ನೆರೆಬಯಲಿನ ಕ್ಷೇತ್ರಗಳೂ ಸೇರಿಕೊಂಡವು. ಇದೇ ನೆಲದ ಮೇಲೆ ರೈತರು ಭತ್ತಕ್ಕೆ ಹಗಲಿರುಳು ನೀರೆತ್ತುತ್ತಿದ್ದರು. ಒಂದೇ ಪದರಕ್ಕೆ ನಗರ, ಕಾರ್ಖಾನೆ, ಗದ್ದೆ ಮೂರೂ ಕೈಹಾಕಿದಂತಾಯಿತು. ಒಟ್ಟು ಎಷ್ಟು ಹೋಗುತ್ತಿದೆ ಎಂದು ಲೆಕ್ಕವಿಟ್ಟು ತಡೆಯುವ ಅಧಿಕಾರ ಬಹುಕಾಲ ಯಾರಿಗೂ ಇರಲಿಲ್ಲ.

ಸಮುದ್ರದ ನೀರು ಒಳಬಂದಿರುವುದು 1969ರಲ್ಲೇ ಗಮನಕ್ಕೆ ಬಂದಿತ್ತು. ಆಗ ಅದು ದಡದಿಂದ ಸುಮಾರು 3 ಕಿ.ಮೀ. ದೂರದಲ್ಲಿತ್ತು. 1980ರ ದಶಕಕ್ಕೆ ಸುಮಾರು 9 ಕಿ.ಮೀ. ಆಯಿತು; ಈ ಶತಮಾನದ ಮೊದಲ ದಶಕದ ಅಧ್ಯಯನಗಳು 13 ಕಿ.ಮೀ.ಗೂ ಆಚೆ ಅದರ ಜಾಡನ್ನು ಗುರುತಿಸಿವೆ. ಅಳೆದವರು ಯಾವ ಪದರವನ್ನು, ಯಾವ ತಿಂಗಳಲ್ಲಿ ಅಳೆದರು ಎಂಬುದರ ಮೇಲೆ ಅಂಕಿಗಳು ತುಸು ಹಿಂದೆಮುಂದೆ ಆಗುತ್ತವೆ, ದಿಕ್ಕು ಮಾತ್ರ ಒಂದೇ. ಮಿಂಜೂರು ಪಟ್ಟಣವೇ ಸಮುದ್ರದಿಂದ ಹತ್ತು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದೆ. ಊರಿನ ಬಾವಿಗಳು ಮೊದಲು ಸವುಳಾದವು, ಆಮೇಲೆ ಉಪ್ಪಾದವು. ಭತ್ತದ ಸಸಿ ತುದಿ ಸುಟ್ಟು ಹಳದಿಯಾಗತೊಡಗಿದಾಗ ರೈತರು ಇನ್ನೂ ಆಳಕ್ಕೆ ಕೊರೆಸಿದರು. ಆಳದಲ್ಲಿ ಉಪ್ಪು ಇನ್ನೂ ಹೆಚ್ಚಿತ್ತು. ಎಣ್ಣೂರು ಅಳಿವೆಯ ಉಪ್ಪಳಗಳು, ವಿದ್ಯುತ್ ಸ್ಥಾವರದ ಬೂದಿಹೊಂಡ, ನದಿಪಾತ್ರದ ಮರಳು ಗಣಿಗಾರಿಕೆ ಇವೆಲ್ಲ ಗಾಯದ ಮೇಲೆ ಬರೆ. ಮರಳನ್ನು ಬಗೆದೊಯ್ದ ಹೊಳೆಯಲ್ಲಿ ನೀರು ನಿಂತು ಇಂಗಲು ಜಾಗವೇ ಉಳಿಯುವುದಿಲ್ಲ.

ಕೊನೆಗೆ ಮಿಂಜೂರಿನಲ್ಲಿ ತೆಗೆಯುವ ನೀರನ್ನು ಬಹಳವಾಗಿ ಇಳಿಸಲಾಯಿತು. ನದಿಗಳಿಗೆ ಅಡ್ಡಲಾಗಿ ಚೆಕ್‌ಡ್ಯಾಂಗಳು ಬಂದವು. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಅವುಗಳ ಆಸುಪಾಸಿನ ಬಾವಿಗಳು ಚೇತರಿಸಿಕೊಳ್ಳುತ್ತವೆ. ಆದರೆ ಹತ್ತಾರು ವರ್ಷ ನುಗ್ಗಿದ ಉಪ್ಪು ಜೇಡಿಯ ಕಣಕಣಕ್ಕೂ ಅಂಟಿಕೊಂಡಿರುತ್ತದೆ. ಪಂಪು ನಿಲ್ಲಿಸಿದ ಮಾತ್ರಕ್ಕೆ ಅದು ಬಂದ ದಾರಿಯಲ್ಲೇ ಹಿಂತಿರುಗುವುದಿಲ್ಲ. ಬಾವಿ ಕ್ಷೇತ್ರದ ಆಯಸ್ಸನ್ನು ಪಂಪಿನ ಸಾಮರ್ಥ್ಯದಿಂದ ಅಳೆದದ್ದೇ ಇಲ್ಲಿನ ಮೂಲ ತಪ್ಪು. ಕರಾವಳಿಯಲ್ಲಿ ಎಷ್ಟು ನೀರು ಎತ್ತಬಹುದು ಎಂಬುದು, ಸಮುದ್ರವನ್ನು ಹೊರಗಿಡಲು ಎಷ್ಟು ನೀರು ದಡದ ಕಡೆಗೆ ಹರಿಯುತ್ತಿರಬೇಕು ಎಂಬುದನ್ನು ಮೊದಲು ಕಳೆದು ಬರುವ ಲೆಕ್ಕ.

ದಕ್ಷಿಣದ ಮರಳುಪಟ್ಟಿ

ತಿರುವಾನ್ಮಿಯೂರಿನ ಆಚೆ ಸಮುದ್ರದುದ್ದಕ್ಕೂ ಮೀನುಗಾರರ ಕೇರಿಗಳು ಮತ್ತು ಸರ್ವೆ ಮರದ ತೋಪುಗಳಿದ್ದ ಕಾಲದಲ್ಲಿ ಏಳೆಂಟು ಉಂಗುರ ಇಳಿಸಿದ ಬಾವಿಯಲ್ಲೇ ಎಳನೀರಿನಂಥ ನೀರು ಸಿಗುತ್ತಿತ್ತು. ಚೆನ್ನೈ ಜಲಮಂಡಳಿಯೂ ಇಲ್ಲಿಂದ ನಗರಕ್ಕೆ ನೀರು ಒಯ್ದಿದೆ. 2000ದಲ್ಲಿ ತರಮಣಿಯಲ್ಲಿ ಟೈಡೆಲ್ ಪಾರ್ಕ್ ತೆರೆದ ಮೇಲೆ ಹಳೆ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಐಟಿ ಕಚೇರಿಗಳೂ ಬಹುಮಹಡಿ ವಸತಿಗಳೂ ಎದ್ದವು. ಕೊಳಾಯಿ ಜಾಲ ಬರುವುದಕ್ಕೆ ಮುಂಚೆಯೇ ಜನ ಬಂದು ನೆಲೆಸಿದರು. ಅವರ ನೀರು ಬಂದದ್ದು ಟ್ಯಾಂಕರುಗಳಲ್ಲಿ, ಟ್ಯಾಂಕರು ತುಂಬಿದ್ದು ಸುತ್ತಲಿನ ಹಳ್ಳಿಗಳ ಕೃಷಿ ಬಾವಿಗಳಲ್ಲಿ. ಮಳೆನೀರನ್ನು ಹೀರಿ ನಿಲ್ಲಿಸುತ್ತಿದ್ದ ಪಳ್ಳಿಕರಣೈ ಜೌಗುಭೂಮಿ ಕಸದ ರಾಶಿ ಮತ್ತು ಕಟ್ಟಡಗಳ ನಡುವೆ ಕುಗ್ಗುತ್ತ ಬಂತು. 2022ರಲ್ಲಿ ಉಳಿದ ಭಾಗಕ್ಕೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿದೆ. ನಗರಪಾಲಿಕೆಯ ಗಡಿ 2011ರಲ್ಲಿ 174 ಚ.ಕಿ.ಮೀ.ನಿಂದ 426 ಚ.ಕಿ.ಮೀ.ಗೆ ಹಿಗ್ಗಿತು. ಅದೇ ವರ್ಷದ ಜನಗಣತಿಯಲ್ಲಿ ಮಹಾನಗರದ ಜನಸಂಖ್ಯೆ 86 ಲಕ್ಷ ದಾಟಿತ್ತು.

ಬರದ ವರ್ಷಗಳಲ್ಲಿ ಜನ ಹೇಗೆ ಬದುಕಿದರು ಎಂಬುದನ್ನು 2003-04ರ ಬರವನ್ನು ಆಧರಿಸಿ ವಿವರವಾಗಿ ಅಧ್ಯಯನ ಮಾಡಿದವರಲ್ಲಿ ಸಂಶೋಧಕಿ ವೀಣಾ ಶ್ರೀನಿವಾಸನ್ ಒಬ್ಬರು. ಕೊಳಾಯಿ ಒಣಗಿದಾಗ ನಗರವನ್ನು ಕಾಪಾಡಿದ್ದು ಮನೆಮನೆಯ ಸ್ವಂತ ಬಾವಿ ಎಂಬುದು ಈ ಅಧ್ಯಯನದಿಂದ ಕಾಣುತ್ತದೆ. ಬಾವಿಯೂ ಬತ್ತಿದಾಗ ಮಾತ್ರ ಟ್ಯಾಂಕರಿನ ದುಬಾರಿ ನೀರು ಅನಿವಾರ್ಯವಾಯಿತು. ಬಾವಿ ತೋಡಿಸಲು ಜಾಗವೂ ಹಣವೂ ಇಲ್ಲದವರು ಬೀದಿಯ ಕೊನೆಯಲ್ಲಿ ಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು ಹಚ್ಚಿ ಲಾರಿಗೆ ಕಾದರು. ಅಂತರ್ಜಲ ಕುಸಿದಾಗ ಮೊದಲು ಪೆಟ್ಟು ತಿನ್ನುವವರು ಇವರೇ.

ಮಳೆಕೊಯ್ಲು

ಆ ಬರದ ನಡುವೆ, 2003ರಲ್ಲಿ, ತಮಿಳುನಾಡು ಸರಕಾರ ರಾಜ್ಯದ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಹಳೆಯ ಮನೆಗಳಿಗೂ ವಿನಾಯಿತಿ ಇರಲಿಲ್ಲ. ಗಡುವು ಕೆಲವೇ ತಿಂಗಳು. ಅದಕ್ಕೂ ಮೊದಲೇ ಶೇಖರ್ ರಾಘವನ್ ಎಂಬವರು ಬೆಸೆಂಟ್ ನಗರದಲ್ಲಿ ಮನೆಮನೆಗೆ ಹೋಗಿ ಚಾವಣಿಯ ನೀರನ್ನು ಬಾವಿಗೆ ಬಿಡಿ ಎಂದು ಹೇಳುತ್ತಿದ್ದರು. 2002ರಲ್ಲಿ ಅವರ ಮುಂದಾಳತ್ವದಲ್ಲಿ ‘ರೇನ್ ಸೆಂಟರ್’ ಆರಂಭವಾಯಿತು. ಮರಳುನೆಲದ ಮನೆಯಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ. ಚಾವಣಿಯ ಪೈಪುಗಳನ್ನು ಒಂದುಗೂಡಿಸಿ, ಜಲ್ಲಿ ಮತ್ತು ಮರಳು ತುಂಬಿದ ಚಿಕ್ಕ ತೊಟ್ಟಿಯ ಮೂಲಕ ಹಾಯಿಸಿ, ತೆರೆದ ಬಾವಿಗೆ ಬಿಟ್ಟರೆ ಆಯಿತು. ಅಂಗಳದ ನೀರು ಗೇಟು ದಾಟಿ ರಸ್ತೆಗೆ ಹೋಗದಂತೆ ಗೇಟಿನ ಅಡಿಯಲ್ಲೊಂದು ಅಡ್ಡಗುಂಡಿ, ಅದರ ಮೇಲೆ ತೂತಿನ ಚಪ್ಪಡಿ.

2005ರ ಭಾರೀ ಮಳೆಯ ನಂತರ ಬಾವಿಗಳ ಮಟ್ಟ ಏರಿತು, ದಡದ ಬಡಾವಣೆಗಳಲ್ಲಿ ಉಪ್ಪಿನಂಶ ತಗ್ಗಿತು. ಇದರಲ್ಲಿ ಮಳೆಯ ಪಾಲೆಷ್ಟು, ಕಾಯ್ದೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ತರಾತುರಿಯಲ್ಲಿ ಕಟ್ಟಿದ ಅನೇಕ ಗುಂಡಿಗಳು ಹೂಳು ತುಂಬಿ ಹೆಸರಿಗಷ್ಟೇ ಉಳಿದವು. ಕಾಯ್ದೆ ಕಟ್ಟಿಸಿತೇ ಹೊರತು ವರ್ಷಕ್ಕೊಮ್ಮೆ ಹೂಳೆತ್ತಿಸಲಿಲ್ಲ. ಆದರೂ ಭಾರತದ ಬೇರಾವ ಮಹಾನಗರವೂ ಇಷ್ಟು ವ್ಯಾಪಕವಾಗಿ ತನ್ನ ನೆಲಕ್ಕೆ ನೀರು ಮರಳಿಸುವ ಪ್ರಯತ್ನ ಆಗ ಮಾಡಿರಲಿಲ್ಲ. ಆ ಶ್ರೇಯಸ್ಸು ಚೆನ್ನೈಗೆ ಸಲ್ಲಬೇಕು.

ಕಾಯ್ದೆ

ಚೆನ್ನೈ ಮಹಾನಗರ ಪ್ರದೇಶದ ಅಂತರ್ಜಲ ನಿಯಂತ್ರಣ ಕಾಯ್ದೆ 1987ರದು. ಬಾವಿ ತೋಡಲು ಅನುಮತಿ, ನೀರು ಸಾಗಿಸಲು ಪರವಾನಗಿ ಅದರಲ್ಲಿ ಕಡ್ಡಾಯ. ನಗರಕ್ಕೆ ಮತ್ತು ಪಟ್ಟಿಯಲ್ಲಿರುವ ಹಳ್ಳಿಗಳಿಗಷ್ಟೇ ಅದು ಅನ್ವಯ. ಇಡೀ ರಾಜ್ಯಕ್ಕಾಗಿ 2003ರಲ್ಲಿ ಮಾಡಿದ ಅಂತರ್ಜಲ ಕಾಯ್ದೆಯನ್ನು 2013ರಲ್ಲಿ ರದ್ದು ಮಾಡಲಾಯಿತು. ಕಾಗದದ ಮೇಲಿನ ಪರವಾನಗಿಗೂ ರಾತ್ರಿ ಓಡಾಡುವ ಟ್ಯಾಂಕರಿಗೂ ಸಂಬಂಧ ಕಡಿಮೆ.

ದೂರದ ನೀರು, ಸಮುದ್ರದ ನೀರು

ಹತ್ತಿರದ ನೆಲ ಕೈಬಿಟ್ಟಂತೆಲ್ಲ ನಗರ ದೂರಕ್ಕೆ ಕೈಚಾಚಿತು. 1976ರ ಒಪ್ಪಂದದಂತೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ ತಮ್ಮ ಕೃಷ್ಣಾ ಪಾಲಿನಿಂದ ತಲಾ 5 ಟಿಎಂಸಿ ಅಡಿ ನೀರನ್ನು ಚೆನ್ನೈಗೆ ಬಿಟ್ಟುಕೊಟ್ಟವು. ತೆಲುಗು ಗಂಗಾ ಕಾಲುವೆಯಲ್ಲಿ ಆ ನೀರು 1996ರಲ್ಲಿ ಪೂಂಡಿ ಸೇರಿತು. ಒಪ್ಪಿದಷ್ಟು ನೀರು ಬಹಳಷ್ಟು ವರ್ಷ ಬಂದಿಲ್ಲ. 2004ರಿಂದ ಕಾವೇರಿ ಬಯಲಿನ ವೀರಾಣಂ ಕೆರೆಯ ನೀರು 200ಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬರುತ್ತಿದೆ. ಹೀಗೆ ಕರ್ನಾಟಕದಲ್ಲಿ ಹರಿದು ಬರುವ ಎರಡು ದೊಡ್ಡ ನದಿಗಳೂ ಚೆನ್ನೈ ನಲ್ಲಿಯಲ್ಲಿವೆ.

ಇಷ್ಟಿದ್ದೂ 2019ರ ಜೂನ್‌ನಲ್ಲಿ ನಾಲ್ಕು ಮುಖ್ಯ ಜಲಾಶಯಗಳು ಬರಿದಾದವು. ಜುಲೈ 12ರಂದು ಜೋಲಾರಪೇಟೆಯಿಂದ 25 ಲಕ್ಷ ಲೀಟರ್ ನೀರು ಹೊತ್ತ ರೈಲು ಬಂತು. ಅದೇ ನಗರ 2015ರ ಡಿಸೆಂಬರಿನಲ್ಲಿ ಪ್ರವಾಹದಲ್ಲಿ ಮುಳುಗಿತ್ತು.

ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಘಟಕಗಳು 2010ರಲ್ಲಿ ಮಿಂಜೂರಿನ ಬಳಿಯ ಕಾಟ್ಟುಪಳ್ಳಿಯಲ್ಲಿ, 2013ರಲ್ಲಿ ದಕ್ಷಿಣದ ನೆಮ್ಮೇಲಿಯಲ್ಲಿ ಶುರುವಾದವು. ಒಂದೊಂದರ ಸಾಮರ್ಥ್ಯ ದಿನಕ್ಕೆ 10 ಕೋಟಿ ಲೀಟರ್. ನೆಮ್ಮೇಲಿಯಲ್ಲಿ 15 ಕೋಟಿ ಲೀಟರಿನ ಎರಡನೆಯ ಘಟಕ 2024ರಲ್ಲಿ ಸೇರಿತು. ನೆಲದಡಿಯ ಸಿಹಿನೀರನ್ನು ಉಪ್ಪಾಗಲು ಬಿಟ್ಟು, ಅದೇ ಊರಿನ ಪಕ್ಕದಲ್ಲಿ ಒಂದು ಸಾವಿರ ಲೀಟರಿಗೆ ಮೂರು-ನಾಲ್ಕು ಯೂನಿಟ್ ವಿದ್ಯುತ್ ಸುಟ್ಟು ಉಪ್ಪನ್ನು ಸಿಹಿ ಮಾಡಬೇಕಾಗಿ ಬಂದಿರುವುದು ದುಃಖದ ಸಂಗತಿ. ಘಟಕಗಳು ಬೇಡ ಎನ್ನುವಂತಿಲ್ಲ; ಬರದ ವರ್ಷದಲ್ಲಿ ಅವೇ ಗತಿ.

ಇದಕ್ಕಿಂತ ಭರವಸೆಯ ದಾರಿ ಬಳಸಿದ ನೀರಿನದು. ಮಣಲಿಯ ಕಾರ್ಖಾನೆಗಳು 1990ರ ದಶಕದಿಂದಲೇ ಕೊಡುಂಗೈಯೂರಿನ ಚರಂಡಿ ನೀರನ್ನು ಸಂಸ್ಕರಿಸಿ ಬಳಸುತ್ತಿವೆ. 2019ರಲ್ಲಿ ಕೊಡುಂಗೈಯೂರು ಮತ್ತು ಕೋಯಂಬೇಡಿನಲ್ಲಿ ತಲಾ 4.5 ಕೋಟಿ ಲೀಟರಿನ ಘಟಕಗಳು ಕೈಗಾರಿಕೆಗಳಿಗಾಗಿ ಆರಂಭವಾದವು. ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಿತ್ತಳೆ ತೋಟಗಳು ಬಡಾವಣೆಗಳಾಗಿ ಬಾವಿಗಳಿಗೆ ಉಪ್ಪು ನುಗ್ಗಿದಾಗ ಅಲ್ಲಿನವರು 1970ರ ದಶಕದಲ್ಲೇ ಶುದ್ಧೀಕರಿಸಿದ ಚರಂಡಿ ನೀರನ್ನು ದಡದ ಬಳಿಯ ಬಾವಿಗಳ ಸಾಲಿಗೆ ಒತ್ತಿ, ನೆಲದಡಿಯಲ್ಲಿ ಸಿಹಿನೀರಿನ ತಡೆಗೋಡೆ ಎಬ್ಬಿಸಿದರು. 2008ರಲ್ಲಿ ದೊಡ್ಡ ಘಟಕವಾಯಿತು. 2023ರ ವಿಸ್ತರಣೆಯ ನಂತರ ಅದರ ಸಾಮರ್ಥ್ಯ ದಿನಕ್ಕೆ ಸುಮಾರು 49 ಕೋಟಿ ಲೀಟರ್. ಮಿಂಜೂರಿಗೆ ಬೇಕಾದದ್ದು ಇಂಥದೇ ಗೋಡೆ.

ಕರ್ನಾಟಕ ಕರಾವಳಿ

ಮೂರೂವರೆ-ನಾಲ್ಕು ಸಾವಿರ ಮಿ.ಮೀ. ಮಳೆ ಬೀಳುವ ದಕ್ಷಿಣ ಕನ್ನಡ, ಉಡುಪಿಗಳಿಗೆ ಚೆನ್ನೈನ ಪಾಡು ದೂರದ್ದೆನಿಸಬಹುದು. ಆದರೆ ಮುರಕಲ್ಲು ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಮಾರ್ಚ್ ದಾಟಿದರೆ ಗುಡ್ಡದ ಬಾವಿಗಳಲ್ಲಿ ಹಗ್ಗ ಉದ್ದವಾಗುತ್ತದೆ, ನೇತ್ರಾವತಿ, ಫಲ್ಗುಣಿಗಳ ಅಳಿವೆಯಿಂದ ಉಪ್ಪುನೀರು ಉಬ್ಬರದೊಂದಿಗೆ ಮೇಲೇರಿ ಹೊಳೆಬದಿಯ ಬಾವಿಗಳ ರುಚಿ ಕೆಡಿಸುತ್ತದೆ. ಮಂಗಳೂರಿನ ನೀರು ತುಂಬೆಯ ಕಿಂಡಿ ಅಣೆಕಟ್ಟಿನದು, ಉಡುಪಿಯದು ಸ್ವರ್ಣಾ ನದಿಯ ಬಜೆಯದು. 2016 ಮತ್ತು 2019ರ ಬೇಸಿಗೆಯಲ್ಲಿ ಮಂಗಳೂರು ಸರದಿ ಪ್ರಕಾರ ನೀರು ಬಿಡುವ ಸ್ಥಿತಿಗೆ ಬಂದಿತ್ತು. ಹಿಂದೆ ರೈತರು ಮಳೆ ನಿಂತ ಕೂಡಲೇ ತೋಡುಗಳಿಗೆ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಕಟ್ಟಿ, ಗುಡ್ಡದಲ್ಲಿ ಮದಕ ಎಂಬ ಸಣ್ಣ ಕೆರೆ ತುಂಬಿಸಿ ಇಳಿಜಾರಿನ ನೀರನ್ನು ಒಂದೆರಡು ತಿಂಗಳು ಹೆಚ್ಚಿಗೆ ನಿಲ್ಲಿಸುತ್ತಿದ್ದರು. ಆ ಜಾಗದಲ್ಲಿ ಈಗ ಕೊಳವೆ ಬಾವಿಗಳು ಬಂದಿವೆ, ಗದ್ದೆಗಳು ಮಣ್ಣು ತುಂಬಿ ನಿವೇಶನಗಳಾಗಿವೆ.

ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರು ಸಮುದ್ರ ಸೇರಿ ವ್ಯರ್ಥವಾಗುತ್ತಿದೆ ಎಂಬ ಮಾತನ್ನು ನಮ್ಮಲ್ಲಿ ಮತ್ತೆ ಮತ್ತೆ ಆಡುತ್ತಾರೆ. ಆದರೆ ದಡದ ನೆಲದಡಿಯಲ್ಲಿ ಸಮುದ್ರವನ್ನು ಹೊರಗೆ ತಳ್ಳಿ ನಿಂತಿರುವುದು ಆ ಕಡೆಗೆ ಹರಿಯುವ ನೀರೇ. ಅದನ್ನು ತಿರುಗಿಸುವ, ತಡೆಯುವ, ಎತ್ತುವ ಯಾವುದೇ ಯೋಜನೆ ಈ ಪಾಲನ್ನು ಮೊದಲು ಬದಿಗಿಟ್ಟು ಲೆಕ್ಕ ಶುರುಮಾಡಬೇಕು. ಕರಾವಳಿಯ ಪ್ರತಿ ಗ್ರಾಮ ಪಂಚಾಯ್ತಿಯೂ ಆಯ್ದ ಕೆಲವು ಬಾವಿಗಳ ನೀರಿನ ಮಟ್ಟವನ್ನೂ ಕ್ಲೋರೈಡನ್ನೂ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆಯಾದ ಮೇಲೆ, ಅಳೆದು ಕಚೇರಿಯ ಫಲಕದಲ್ಲಿ ಬರೆಯಲಿ. ಇದಕ್ಕೆ ಬೇಕಾಗುವುದು ಒಂದು ಅಳತೆಯ ಹಗ್ಗ, ಒಂದು ಬಾಟಲಿ ಸಿಲ್ವರ್ ನೈಟ್ರೇಟ್, ತುಸು ಪೊಟ್ಯಾಸಿಯಂ ಕ್ರೋಮೇಟ್ ಮತ್ತು ಹತ್ತಿರದ ಶಾಲೆಯ ವಿಜ್ಞಾನ ಶಿಕ್ಷಕರ ಅರ್ಧ ದಿನ.